ಕಣದ ಹೊಟ್ಟು, ಕುರಿಗಾರರ ಗುಡಾರ, ಬೆಳಕಿನ ಹಾಯಿ: ಮಡಚಿ ಬಿಚ್ಚುವ ಹಗುರ ರಚನೆಗಳ ಕುರಿತು

ಜನಪದ ವಸ್ತು ಸಂಸ್ಕೃತಿಯ ಅಧ್ಯಯನದಲ್ಲಿ ನಾವು ವಸ್ತುವಿನ ಆಕಾರ, ಅಲಂಕಾರ, ಬಳಕೆ ಹಾಗೂ ಅದರ ಸುತ್ತಲಿನ ಆಚರಣೆಗಳನ್ನು ದಾಖಲಿಸುತ್ತ ಬಂದಿದ್ದೇವೆ. ಅದೇ ವಸ್ತುವನ್ನು ಮಡಚುವ, ಸುತ್ತುವ, ಹೊರುವ ಮತ್ತು ಬೇಕಾದಲ್ಲಿ ಮತ್ತೆ ಬಿಚ್ಚುವ ಕ್ರಮವನ್ನು ದಾಖಲಿಸಿದ್ದು ವಿರಳ. ಈ ಕೊರತೆ ಪ್ರಸ್ತುತ ಲೇಖಕನದೂ ಹೌದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಕ್ಷೇತ್ರಕಾರ್ಯ ಕೈಗೊಂಡಾಗ ನಾನು ಹಂತಿಪದಗಳನ್ನು, ಚೌಡಿಕೆ ಪದಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ನನ್ನ ಬೆನ್ನ ಹಿಂದೆಯೇ ಕುರಿಗಾರರು ಗುಡಾರವನ್ನು ಮಡಚಿ ತಟ್ಟುಗುದುರೆಯ ಮೇಲೆ ಹೇರುತ್ತಿದ್ದರು. ಅದನ್ನು ಬರೆದುಕೊಳ್ಳಬೇಕೆಂದು ನನಗೆ ತೋಚಲಿಲ್ಲ.

ತೋಚುವಂತೆ ಮಾಡಿದ್ದು ಜಾನಪದದ ಗ್ರಂಥವಲ್ಲ, ಒಂದು ಉಪಗ್ರಹದ ಕಥೆ. 1982ರ ಏಪ್ರಿಲ್ 10ರಂದು ಇನ್‌ಸ್ಯಾಟ್-1ಎ ಉಪಗ್ರಹವು ಅಮೆರಿಕದಿಂದ ಉಡಾವಣೆಗೊಂಡಿತು. ಅದನ್ನು ನೋಡಿಕೊಳ್ಳುವ ಹೊಣೆ ಅದೇ ವರ್ಷ ಹಾಸನದಲ್ಲಿ ನೆಲೆಗೊಂಡ ಪ್ರಧಾನ ನಿಯಂತ್ರಣ ಕೇಂದ್ರದ್ದು. ಉಪಗ್ರಹದಲ್ಲಿ ಮಡಚಿಟ್ಟಿದ್ದ ಅಂಗಗಳಲ್ಲಿ ಒಂದು ಸೌರ ಹಾಯಿ. ಅದು ಬಿಚ್ಚಿಕೊಳ್ಳಲಿಲ್ಲ. ಆಂಟೆನಾ ಒಂದು ತೆರೆದುಕೊಳ್ಳಲು ಸತಾಯಿಸಿದ್ದು, ಬಳಿಕ ಉಪಗ್ರಹ ದಿಕ್ಕು ತಪ್ಪಿದ್ದು ಮೊದಲಾದ ಬೇರೆ ತೊಂದರೆಗಳೂ ಇದ್ದವು, ಹಾಯಿಯೊಂದನ್ನೇ ದೂರುವಂತಿಲ್ಲ. ಆದರೂ ಹಾಯಿ ಮಾಡಬೇಕಾಗಿದ್ದ ಕೆಲಸವನ್ನು ಇಂಧನ ಉರಿಸಿ ಮಾಡಬೇಕಾಯಿತು. ಸೆಪ್ಟೆಂಬರ್ ತಿಂಗಳಲ್ಲಿ ಇಂಧನ ತೀರಿ, ವರ್ಷಗಟ್ಟಲೆ ದುಡಿಯಬೇಕಾಗಿದ್ದ ಉಪಗ್ರಹ ಕೆಲವೇ ತಿಂಗಳಲ್ಲಿ ನಿರುಪಯುಕ್ತವಾಯಿತು. ಮಡಚಿದ್ದು ಬಿಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನ ಸಮೀಪದ ನಿದರ್ಶನ ಇದು.

ಈ ಬಗೆಯ ರಚನೆಗಳ ತತ್ವವನ್ನು ಮೇಲಿನ ನಾಲ್ಕು ತಾಲೂಕುಗಳ ಬದುಕಿನ ಪರಿಕರಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುವುದು ಒಳಿತು. ನಮ್ಮ ಪೂರ್ವಿಕರಿಗೆ ಆಕಾಶಯಾನ ತಿಳಿದಿತ್ತೆಂದು ಸಾಧಿಸುವ ಹಂಬಲ ಇಲ್ಲಿಲ್ಲ. ಅಂಥ ಬರಹಗಳಿಂದ ವಿಜ್ಞಾನಕ್ಕೂ ಲಾಭವಿಲ್ಲ, ಜಾನಪದಕ್ಕೂ ಗೌರವವಿಲ್ಲ. ಕುರಿಗಾರನಿಗೂ ಉಪಗ್ರಹ ನಿರ್ಮಿಸುವವನಿಗೂ ಎದುರಾದ ಸಮಸ್ಯೆಯ ಸ್ವರೂಪದಲ್ಲಿ ಸಾಮ್ಯವಿದೆ. ಪರಿಹಾರಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದಷ್ಟೇ ಇಲ್ಲಿಯ ವಿವೇಚನೆ.

ತೂರುವ ಕಣದಲ್ಲಿ

ಬೈಲಹೊಂಗಲದ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ರಾಶಿ ನಡೆಯುವಾಗ ಹಂತಿ ಮುಗಿದ ಮೇಲೆ ತೂರುವ ಕೆಲಸ. ಎತ್ತರದಲ್ಲಿ ನಿಂತವನು ಬುಟ್ಟಿಯನ್ನು ಓರೆ ಮಾಡಿ ಕಾಳನ್ನು ಇಳಿಬಿಡುತ್ತಾನೆ. ಒಂದೇ ಗಾಳಿ ಎರಡನ್ನೂ ಮುಟ್ಟುತ್ತದೆ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ಹತ್ತಾರು ಮಾರು ಆಚೆಗೆ ಹಾರುತ್ತದೆ. ಹೊಟ್ಟಿನ ಮೈ ಅಗಲ, ತೂಕ ಅಲ್ಪ. ಕಾಳಿನ ಮೈ ಕಿರಿದು, ತೂಕ ಹೆಚ್ಚು. ತೂಕಕ್ಕೆ ಹೋಲಿಸಿದಾಗ ಮೈ ಎಷ್ಟು ಅಗಲ ಎಂಬುದೇ ಇಲ್ಲಿ ನಿರ್ಣಾಯಕ. ಸೌರ ಹಾಯಿಯ ವಿಜ್ಞಾನವೆಲ್ಲ ಈ ಒಂದು ಅನುಪಾತದ ಮೇಲೆ ನಿಂತಿದೆ. ನೌಕೆಯನ್ನು ಕಾಳಾಗಿರಲು ಬಿಡದೆ ಹೊಟ್ಟಾಗಿಸುವುದೇ ಹಾಯಿಯ ಕೆಲಸ.

ಅಲ್ಲಿ ಬೀಸುವುದು ಗಾಳಿಯಲ್ಲ, ಬೆಳಕು. ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹವನ್ನು ಸೌರ ಮಾರುತವೆಂದು ಕರೆಯುವುದರಿಂದ ಹಲವರು ಅದೇ ಹಾಯಿಯನ್ನು ತಳ್ಳುತ್ತದೆಂದು ಭಾವಿಸುತ್ತಾರೆ. ಅದರ ಒತ್ತಡ ಬೆಳಕಿನ ಒತ್ತಡದ ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಬೆಳಕಿಗೆ ತಳ್ಳುವ ಗುಣವಿರುವುದನ್ನು ಮ್ಯಾಕ್ಸ್‌ವೆಲ್ 1873ರಲ್ಲಿ ಲೆಕ್ಕದಿಂದ ತೋರಿಸಿದ್ದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದ ಲೆಬೆದೆವ್ ಅದನ್ನು ಪ್ರಯೋಗದಲ್ಲಿ ಅಳೆದನು. ಭೂಮಿ ಇರುವಷ್ಟು ದೂರದಲ್ಲಿ, ಒಂದು ಚದರ ಮೀಟರ್ ಕನ್ನಡಿಯ ಮೇಲೆ ಬಿಸಿಲು ನೆಟ್ಟಗೆ ಬಿದ್ದು ಪೂರ್ಣವಾಗಿ ಹಿಂದಿರುಗಿದರೆ ಉಂಟಾಗುವ ಬಲ ಒಂದು ನ್ಯೂಟನ್ನಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 9 ಪಾಲು. ನಮ್ಮ ಕಣದ ಭಾಷೆಯಲ್ಲಿ ಹೇಳುವುದಾದರೆ, 100 ಚದರ ಮೀಟರ್ ಹಾಯಿಯ ಮೇಲೆ ಬೀಳುವ ಒಟ್ಟು ಬಲ ಅಂಗೈ ಮೇಲಿಟ್ಟ ಮೂರು ಜೋಳದ ಕಾಳಿನ ಭಾರದಷ್ಟು.

ಮೂರು ಕಾಳಿನ ಭಾರಕ್ಕೆ ಏನು ಬೆಲೆ ಎಂದು ಕೇಳಬಹುದು. ಬೆಲೆ ಇರುವುದು ಅದು ನಿಲ್ಲದಿರುವುದರಲ್ಲಿ. 2019ರಲ್ಲಿ ಹಾರಿದ ಲೈಟ್‌ಸೈಲ್-2 ಸುಮಾರು 5 ಕಿಲೋಗ್ರಾಂ ತೂಕದ ಪುಟ್ಟ ನೌಕೆ. ಹಾಯಿ 32 ಚದರ ಮೀಟರ್. ಬಿಸಿಲಿಗೆ ಎದುರಾಗಿ ನಿಂತರೆ ಅದರ ವೇಗದಲ್ಲಿ ಒಂದು ದಿನಕ್ಕೆ ಆಗಬಹುದಾದ ಹೆಚ್ಚಳ ಗಂಟೆಗೆ ಸುಮಾರು 18 ಕಿಲೋಮೀಟರ್. ಸೈಕಲ್ಲಿನ ವೇಗ. ಆದರೆ ಇಂಧನವಿಲ್ಲದೆ ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

ಇನ್‌ಸ್ಯಾಟ್ ಉಪಗ್ರಹದ ಹಾಯಿ ಪಯಣಕ್ಕಾಗಿ ಇದ್ದುದಲ್ಲ, ತೂಗಿಸುವುದಕ್ಕಾಗಿ ಇದ್ದುದು. ಆ ಉಪಗ್ರಹದಲ್ಲಿ ಹವಾಮಾನ ನೋಡುವ ಉಪಕರಣವೊಂದಿತ್ತು. ಅದರ ಸಂವೇದಕವನ್ನು ತಂಪಾಗಿಡಲು ಉಪಗ್ರಹದ ಒಂದು ಬದಿ ಕತ್ತಲ ಆಕಾಶಕ್ಕೆ ತೆರೆದಿರಬೇಕು. ಅಲ್ಲಿ ಸೌರಫಲಕ ಹಾಕುವಂತಿಲ್ಲ. ಆದ್ದರಿಂದ ಫಲಕಗಳೆಲ್ಲ ಇನ್ನೊಂದೇ ಬದಿಗೆ. ಒಂದೇ ಬದಿಯ ಅಗಲವಾದ ಫಲಕವನ್ನು ಬೆಳಕು ತಳ್ಳುತ್ತಲೇ ಇದ್ದರೆ ಉಪಗ್ರಹ ಮೆಲ್ಲಗೆ ಹೊರಳತೊಡಗುತ್ತದೆ. ಕಾವಡಿ ಹೊತ್ತವನು ಎರಡು ಕಡೆಯ ಭಾರ ಸಮವಿಲ್ಲದಿದ್ದಾಗ ಹಗುರಾದ ಕಡೆಗೆ ಕೋಲನ್ನು ಉದ್ದ ಬಿಡುತ್ತಾನಷ್ಟೆ. ಅದೇ ಉಪಾಯದಿಂದ ಎದುರು ಬದಿಯಲ್ಲಿ ಉದ್ದವಾದ ಕೋಲನ್ನು ಚಾಚಿ, ಅದರ ತುದಿಗೆ ಚಿಕ್ಕ ಹಾಯಿಯನ್ನು ನಿಲ್ಲಿಸಲಾಗುತ್ತಿತ್ತು. ಇನ್‌ಸ್ಯಾಟ್-1 ಸರಣಿಯನ್ನು ಅಮೆರಿಕದ ಸಂಸ್ಥೆಯೊಂದು ನಿರ್ಮಿಸಿತ್ತು. 1992ರ ಜುಲೈನಲ್ಲಿ ಹಾರಿದ ಇನ್‌ಸ್ಯಾಟ್-2ಎ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಸಿದ್ಧಗೊಂಡದ್ದು. ಅದರಲ್ಲಿಯೂ ಕೋಲು ಮತ್ತು ಹಾಯಿ ಇದ್ದವು, ಅವು ಬಿಚ್ಚಿಕೊಂಡವು. ಸೌರ ಹಾಯಿ ಎಂದರೆ ದೂರದ ದೇಶದವರ ಕನಸೆಂದು ತಿಳಿಯುವವರು ಹಾಸನದ ಈ ಇತಿಹಾಸವನ್ನು ನೆನೆಯಬೇಕು.

ಗುಡಾರ ಮತ್ತು ಕೊಡೆ

ಹಾಯಿ ಅಗಲವಾಗಿರಬೇಕು, ಅದನ್ನು ಒಯ್ಯುವ ರಾಕೆಟ್ಟಿನ ತಲೆಯೊಳಗಿನ ಜಾಗ ಇಕ್ಕಟ್ಟು. ಪಿಎಸ್‌ಎಲ್‌ವಿ ರಾಕೆಟ್ಟಿನ ಮುಂಗವಚದ ವ್ಯಾಸ 3.2 ಮೀಟರ್. ಸವದತ್ತಿ, ರಾಮದುರ್ಗದ ಕಡೆ ಕುರಿ ಹಿಂಡಿನೊಂದಿಗೆ ಊರೂರು ತಿರುಗುವ ಕುಟುಂಬಕ್ಕೆ ತಟ್ಟಿನ ಬೆನ್ನೇ ಮುಂಗವಚ. ಅದರ ಮೇಲೆ ಹಿಡಿಸಿದಷ್ಟು ಮಾತ್ರ ಮನೆ.

ಬಹು ವರ್ಷಗಳ ಮೇಲೆ ಮತ್ತೆ ಹೋದಾಗ ಸವದತ್ತಿ ತಾಲೂಕಿನ ಹೊಲವೊಂದರಲ್ಲಿ ಹಿಂಡು ತರುಬಿದ್ದ ಹಿರಿಯ ತಾಯಿಯೊಬ್ಬರು ಹೇಳಿದ ಸೂತ್ರ ಇದು: “ಇಳಿಸಿದ ಕೂಡ್ಲೆ ಮೊದಲ ಬೇಕಾದ್ದನ್ನ ಕಡೀಕ ಕಟ್ಟಬೇಕ್ರಿ.” ಗುಡಾರದ ಕಂಬಳಿ ಕೊನೆಗೆ ಹೇರುವಂಥದ್ದು, ಏಕೆಂದರೆ ಮಳೆ ಬಂದರೆ ಮೊದಲು ಬೇಕಾಗುವುದು ಅದೇ. ಹೇರುವ ಕ್ರಮ ಬಿಚ್ಚುವ ಕ್ರಮದ ತಲೆಕೆಳಗು. ಉಪಗ್ರಹದಲ್ಲಿಯೂ ಹೀಗೆಯೇ: ಯಾವ ಬಿಗಿತ ಮೊದಲು ಸಡಿಲಬೇಕು, ಯಾವ ಅಂಗ ಯಾವುದಕ್ಕೆ ಅಡ್ಡ ಬಾರದಂತೆ ಹೊರಬರಬೇಕು ಎಂಬುದನ್ನು ನಿರ್ಧರಿಸಿದ ಮೇಲೆಯೇ ಮಡಿಕೆಯನ್ನು ನಿರ್ಧರಿಸುತ್ತಾರೆ.

ಎರಡನೆಯ ಅಂಶ ಶಕ್ತಿಯದು. ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಬಂಡಿಗೆ ಮೇಲ್ಮುಚ್ಚಿಗೆ ಕಟ್ಟುವಾಗ ಬಿದಿರ ಸೀಳುಗಳನ್ನು ಬಾಗಿಸಿ ಎರಡೂ ತುದಿಗಳನ್ನು ಬಂಡಿಯ ಬದಿಗಳಿಗೆ ಸಿಕ್ಕಿಸುತ್ತಾರೆ. ಬಾಗಿಸುವಾಗ ಕೈ ಹಾಕಿದ ಶ್ರಮ ಆ ಸೀಳಿನೊಳಗೆ ಕೂತಿರುತ್ತದೆ. ತುದಿ ಬಿಟ್ಟರೆ ಮುಖಕ್ಕೆ ಹೊಡೆಯುವಷ್ಟು. ಬಾಹ್ಯಾಕಾಶದ ಅನೇಕ ರಚನೆಗಳು ಮೋಟಾರಿನಿಂದ ತೆರೆಯುವುದಿಲ್ಲ, ಹೀಗೆ ಒಳಗೆ ಕೂತ ಶ್ರಮದಿಂದ ತೆರೆಯುತ್ತವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಕಾಂತಕ್ಷೇತ್ರ ಅಳೆಯುವ ಉಪಕರಣಗಳನ್ನು ಹೊತ್ತ 6 ಮೀಟರ್ ಉದ್ದದ ಕೋಲಿದೆ. ಇಂಗಾಲದ ನಾರಿನ ಐದು ತುಂಡುಗಳನ್ನು ಸ್ಪ್ರಿಂಗ್ ಕೀಲುಗಳಿಂದ ಜೋಡಿಸಿ, ಮಡಚಿ, ಎರಡು ಕಡೆ ಬಿಗಿಹಿಡಿದು ಕಳಿಸಿದ್ದರು. 132 ದಿನ ಅದು ಮಡಚಿಕೊಂಡೇ ಇತ್ತು. 2024ರ ಜನವರಿ 11ರಂದು ಬಿಗಿತ ಸಡಿಲಿಸಿದಾಗ ಸುಮಾರು 9 ಸೆಕೆಂಡುಗಳಲ್ಲಿ ಪೂರ್ಣವಾಗಿ ಚಾಚಿ ನಿಂತಿತು. 8ರಿಂದ 12 ಸೆಕೆಂಡು ಎಂಬುದು ಮೊದಲೇ ಮಾಡಿದ ಅಂದಾಜು.

ಎಲ್ಲ ಸಲವೂ ಹೀಗಾಗುವುದಿಲ್ಲ. ಗುರುಗ್ರಹಕ್ಕೆಂದು 1989ರಲ್ಲಿ ಹೊರಟ ಗೆಲಿಲಿಯೋ ನೌಕೆಯ ಮುಖ್ಯ ಆಂಟೆನಾ ಅಕ್ಷರಶಃ ಒಂದು ಕೊಡೆ: ನಡುವೆ ಕೋಲು, ಸುತ್ತ 18 ಕಡ್ಡಿ, ಮೇಲೆ ಬಲೆ. 1991ರ ಏಪ್ರಿಲ್‌ನಲ್ಲಿ ತೆರೆಯಲು ಆಜ್ಞೆ ಕೊಟ್ಟಾಗ ಕೆಲವು ಕಡ್ಡಿಗಳು ಕೋಲಿಗೇ ಅಂಟಿಕೊಂಡವು. ಉಡಾವಣೆಗೆ ಮೊದಲು ನೌಕೆಯನ್ನು ಲಾರಿಯಲ್ಲಿ ಮತ್ತೆ ಮತ್ತೆ ದೂರ ಸಾಗಿಸಿದಾಗ ಕುಲುಕಾಟದಿಂದ ಜಾರುಲೇಪ ಸವೆದುಹೋಗಿತ್ತೆಂದು ಆಮೇಲೆ ತರ್ಕಿಸಿದರು. ಮಳೆಗಾಲದ ಆರಂಭದಲ್ಲಿ ಅಟ್ಟದಿಂದ ಇಳಿಸಿದ ಕೊಡೆ ಹೀಗೆ ಮೊಂಡು ಹಿಡಿಯುವುದು ನಮಗೆ ಹೊಸತಲ್ಲ. ನಾವು ಬೆರಳಿನಿಂದ ಕಡ್ಡಿಯನ್ನು ಎಬ್ಬಿಸುತ್ತೇವೆ. ಗೆಲಿಲಿಯೋಗೆ ಆ ಒಂದು ಬೆರಳು ಇರಲಿಲ್ಲ. ಅವರು ಕೋಲನ್ನು ಬಿಸಿಲಿಗೆ ಹಿಡಿದರು, ನೆರಳಿಗೆ ತಿರುಗಿಸಿದರು, ಮೋಟಾರನ್ನು ಮಿಡಿದರು, ಕಡ್ಡಿ ಬಿಡಲಿಲ್ಲ. ಕೊನೆಗೆ ಚಿಕ್ಕ ಆಂಟೆನಾದಿಂದ ಬಹು ನಿಧಾನವಾಗಿ ಮಾಹಿತಿ ತರಿಸಿಕೊಳ್ಳಬೇಕಾಯಿತು.

ಜನಪದ ಪರಿಕರಕ್ಕೂ ಆಕಾಶದ ಪರಿಕರಕ್ಕೂ ಇರುವ ಮುಖ್ಯ ಅಂತರ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಗುಡಾರದ ಅರ್ಧ ಜ್ಞಾನ ಗುಡಾರದಲ್ಲಿದೆ, ಉಳಿದರ್ಧ ಅದನ್ನು ಬಿಚ್ಚುವ ಕೈಯಲ್ಲಿದೆ. ಹಾಯಿಯ ವಿಷಯದಲ್ಲಿ ಆ ಕೈಯ ಪಾಲನ್ನೂ ಮೊದಲೇ ಮಡಿಕೆಯೊಳಗೆ ಇಟ್ಟು ಕಳಿಸಬೇಕು.

ಗೆಣ್ಣಿಲ್ಲದ ಬಿದಿರು

ಇಂದಿನ ಸೌರ ಹಾಯಿಗಳಲ್ಲಿ ಹೆಚ್ಚಿನವು ಗಾಳಿಪಟದ ಬಗೆಯವು: ನಡುವಿನಿಂದ ನಾಲ್ಕು ಮೂಲೆಗೆ ನಾಲ್ಕು ಕೋಲು, ಅವುಗಳ ನಡುವೆ ನಾಲ್ಕು ತ್ರಿಕೋನ ಹಾಳೆ. ಹಾಳೆಗಿಂತ ಕೋಲಿನ ಕಷ್ಟವೇ ದೊಡ್ಡದು. ಅದು ಹಾರುವ ಮೊದಲು ಚಿಕ್ಕ ಡಬ್ಬಿಯಲ್ಲಿ ಸುರುಳಿಯಾಗಿರಬೇಕು, ಹಾರಿದ ಮೇಲೆ ನೆಟ್ಟಗೆ ನಿಲ್ಲಬೇಕು.

ಬೈಲಹೊಂಗಲ ತಾಲೂಕಿನ ಹಳ್ಳಿಯೊಂದರ ವಯೋವೃದ್ಧ ಮೇದಾರರನ್ನು ನಾನು ಬಿದಿರು ಮುರಿಯುವ ಬಗೆಯನ್ನು ಕೇಳಿದ್ದೆ. “ಗೆಣ್ಣಿನ್ಯಾಗ ಮುರಿಯೂದಿಲ್ರಿ ಸರ, ಎರಡು ಗೆಣ್ಣಿನ ನಡುವ ಅದು ಮೊದಲ ಚಪ್ಪಟಿ ಆಗತದ, ಆಮ್ಯಾಲೆ ಮುರೀತದ” ಎಂದರು. ಯಂತ್ರಶಾಸ್ತ್ರವೂ ಹೇಳುವುದು ಇದನ್ನೇ. ಟೊಳ್ಳು ಕೊಳವೆಯನ್ನು ಬಾಗಿಸಿದಾಗ ಅದರ ದುಂಡು ಅಂಡಾಕಾರಕ್ಕೆ ತಿರುಗುತ್ತದೆ, ಚಪ್ಪಟೆಯಾದಂತೆ ಬಲ ಕುಗ್ಗುತ್ತದೆ, ಒಂದು ಹಂತದಲ್ಲಿ ಮಡಿಯುತ್ತದೆ. ಗೆಣ್ಣು ಇರುವಲ್ಲಿ ಅಡ್ಡಗೋಡೆ ಇರುವುದರಿಂದ ದುಂಡು ಕೆಡುವುದಿಲ್ಲ. ಹಾಯಿಯ ಕೋಲಿಗೆ ಈ ಭಾಗ್ಯವಿಲ್ಲ. ಸುರುಳಿ ಸುತ್ತಬೇಕಾದರೆ ಅದು ಚಪ್ಪಟೆಯಾಗಲೇಬೇಕು. ಗೆಣ್ಣು ಇಟ್ಟರೆ ಚಪ್ಪಟೆಯಾಗದು. ಯಾವ ಗುಣದಿಂದ ಕೋಲು ಡಬ್ಬಿಯಲ್ಲಿ ಹಿಡಿಸುತ್ತದೆಯೋ ಅದೇ ಗುಣದಿಂದ ಆಕಾಶದಲ್ಲಿ ದುರ್ಬಲವಾಗುತ್ತದೆ. ಹಗುರ ರಚನೆಗಳ ತಂತ್ರಜ್ಞರು ಅರ್ಧ ಶತಮಾನಕ್ಕೂ ಮೀರಿ ಈ ಇಕ್ಕಟ್ಟಿನ ನಡುವೆಯೇ ದಾರಿ ಹುಡುಕುತ್ತಿದ್ದಾರೆ.

ಅವರು ಕಂಡುಕೊಂಡ ಪರಿಹಾರದ ಮಾದರಿ ಜೋಳದ ಹೊಲದಲ್ಲಿದೆ. ಜೋಳದ ಎಲೆ ಸುಳಿಯಿಂದ ಸುರುಳಿಯಾಗಿ ಹೊರಬರುತ್ತದೆ. ಬಿಚ್ಚಿಕೊಂಡ ಮೇಲೆ ನಡುದಿಂಡಿನ ಎರಡೂ ಬದಿ ತುಸು ಮೇಲೆದ್ದು ದೋಣಿಯಾಕಾರ ತಳೆಯುವುದರಿಂದ ಕಾಗದದಷ್ಟು ತೆಳುವಾದ ಎಲೆ ಮೊಳಗಟ್ಟಲೆ ಚಾಚಿ ನಿಲ್ಲುತ್ತದೆ. ಬಡಿಗನ ಉಕ್ಕಿನ ಅಳತೆಪಟ್ಟಿಯದೂ ಇದೇ ತತ್ವ: ಅಡ್ಡಡ್ಡಲಾಗಿ ತುಸು ಬಾಗಿರುವುದರಿಂದ ಉದ್ದಕ್ಕೆ ನೆಟ್ಟಗೆ ನಿಲ್ಲುತ್ತದೆ, ಆ ಬಾಗು ಚಪ್ಪಟೆಯಾದ ಕೂಡಲೇ ಸುರುಳಿಯಾಗುತ್ತದೆ. 1962ರಲ್ಲಿ ಕೆನಡಾದ ಅಲೂಯೆಟ್ ಉಪಗ್ರಹ ತನ್ನ ಉದ್ದನೆಯ ಆಂಟೆನಾಗಳನ್ನು ಸುರುಳಿ ಪಟ್ಟಿಯಿಂದಲೇ ಹೊರಚಾಚಿತ್ತು. ಲೈಟ್‌ಸೈಲ್-2ರ 4 ಮೀಟರ್ ಕೋಲುಗಳು ಲೋಹದ ಪಟ್ಟಿಗಳು. 2024ರ ಏಪ್ರಿಲ್‌ನಲ್ಲಿ ನಾಸಾ ಕಳಿಸಿದ ಪ್ರಾಯೋಗಿಕ ಹಾಯಿಯ 7 ಮೀಟರ್ ಕೋಲುಗಳು ಇಂಗಾಲದ ನಾರನ್ನು ಅಂಟಿನಲ್ಲಿ ಹಾಸಿ ಮಾಡಿದವು. ಅವು ಲೋಹಕ್ಕಿಂತ ಹಗುರ, ಬಿಸಿಲು ನೆರಳುಗಳ ನಡುವೆ ಸೊಟ್ಟಗಾಗುವುದೂ ಕಡಿಮೆ.

ಆ ಹಾಯಿ, 80 ಚದರ ಮೀಟರ್‌ನದು, ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಬಿಚ್ಚಿಕೊಂಡಿತು. ಬಿಚ್ಚಿಕೊಂಡ ಮೇಲಿನ ಚಿತ್ರಗಳನ್ನು ಪರಿಶೀಲಿಸಿದಾಗ ನಾಲ್ಕರಲ್ಲಿ ಒಂದು ಕೋಲು ತುಸು ಬಾಗಿರುವುದು ಕಂಡುಬಂತು. ಹಾಳೆ ಬಿಗಿಯಾಗುವ ಹೊತ್ತಿನಲ್ಲಿ ಹಾಗಾಗಿರಬಹುದೆಂದು ನಾಸಾ ತಿಳಿಸಿತು. ಹಾರಾಟವೇ ನಿಂತುಹೋಗುವಂಥ ಕೇಡಲ್ಲ. ಆದರೆ ನಮ್ಮ ಮೇದಾರರ ಮಾತನ್ನು ಆ ವರದಿಯ ಪಕ್ಕದಲ್ಲಿಟ್ಟು ಓದಿದರೆ ಎರಡೂ ಒಂದೇ ಅನುಭವದ ಮಾತುಗಳೆಂದು ತೋರುತ್ತದೆ.

ಸುರುಳಿಯೊಳಗೂ ಒಂದು ಅಪಾಯವಿದೆ. ರಾಮದುರ್ಗ, ಸುರೇಬಾನದ ನೇಕಾರರು ಹಾಸನ್ನು ಸುತ್ತುವಾಗ ಬಿಗಿತ ಎಲ್ಲಿಯೂ ಸಡಿಲವಾಗದಂತೆ ಕಾಯುತ್ತಾರೆ. ಒಂದು ಸುತ್ತು ಸಡಿಲಾದರೆ ಮೇಲಿನ ಎಳೆ ಕೆಳಗಿನ ಸುತ್ತಿನೊಳಗೆ ಇಳಿಯುತ್ತದೆ, ನೇಯುವಾಗ ಅಲ್ಲಿಯೇ ಎಳೆ ಕಡಿಯುತ್ತದೆ. ಕೋಲಿನ ಸುರುಳಿಯದೂ ಇದೇ ಗತಿ. ಹೊರತುದಿಗೆ ತಡೆ ಬಂದು ನಡುವಿನ ರಾಟೆ ತಿರುಗುತ್ತಲೇ ಇದ್ದರೆ ಸುರುಳಿ ಡಬ್ಬಿಯೊಳಗೇ ಹೂವಿನಂತೆ ಅರಳಿ ಗೋಡೆಗೆ ಒತ್ತಿಕೊಂಡು ನಿಂತುಬಿಡುತ್ತದೆ. ತಂತ್ರಜ್ಞರು ಇದಕ್ಕೆ ಇಟ್ಟ ಹೆಸರೂ ‘ಅರಳುವಿಕೆ’ಯೇ. ಅರಳುವುದು ಕೆಟ್ಟ ಸುದ್ದಿಯಾಗುವ ಕ್ಷೇತ್ರ ಬೇರೊಂದು ಇರಲಾರದು.

ಮಡಿಕೆಯ ಗೆರೆ, ಕವಣೆಯ ಕಲ್ಲು

ಹಾಳೆಯ ವಿಚಾರಕ್ಕೆ ಬಂದರೆ, ಲೈಟ್‌ಸೈಲ್-2ರ ಹಾಯಿಯ ದಪ್ಪ 4.5 ಮೈಕ್ರಾನ್, ತಲೆಗೂದಲಿನ ದಪ್ಪದ ಹದಿನೈದನೆಯ ಒಂದು ಪಾಲಿನ ಆಸುಪಾಸು. ಮೇಲೆ ಅಲ್ಯೂಮಿನಿಯಂ ಲೇಪ. ಮಡಚಿದ ಗೆರೆಯಲ್ಲಿ ಲೇಪ ಬಿರಿಯುತ್ತದೆ, ಬಿರಿದಲ್ಲಿ ಹೊಳಪು ಕುಂದುತ್ತದೆ. ಜರಿಯ ಸೀರೆಯನ್ನು ಟ್ರಂಕಿನಲ್ಲಿಟ್ಟ ಮನೆಯ ಹೆಂಗಸರು ವರ್ಷಕ್ಕೊಮ್ಮೆ ತೆಗೆದು, ಹಳೆಯ ಗೆರೆ ಬಿಟ್ಟು ಬೇರೆ ಗೆರೆಯಲ್ಲಿ ಮಡಚುವುದರ ಕಾರಣವೂ ಅದೇ. ಹಾಯಿಗೆ ಮರುಮಡಿಕೆಯ ಅವಕಾಶವಿಲ್ಲ. ತಿಂಗಳುಗಟ್ಟಲೆ ಒಂದೇ ಗೆರೆಯಲ್ಲಿ ಒತ್ತಿಕೊಂಡಿರಬೇಕು. ಮಡಿಕೆಗಳ ನಡುವೆ ಸಿಕ್ಕ ಗಾಳಿ ಹೊರಹೋಗಲು ದಾರಿಯನ್ನೂ ಬಿಡಬೇಕು, ಇಲ್ಲವಾದರೆ ಮೇಲೇರುವಾಗ ಉಬ್ಬಿ ಹರಿಯುತ್ತದೆ. ಜಪಾನಿನ ಕೋರ್ಯೋ ಮಿಯುರಾ ರೂಪಿಸಿದ ಓರೆಗೆರೆಗಳ ಮಡಿಕೆ ಎದುರುಮೂಲೆಗಳನ್ನು ಎಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಹಾರಿದ ಜಪಾನಿ ನೌಕೆಯೊಂದರ ಸೌರಫಲಕದಲ್ಲಿ ಅದನ್ನು ಬಳಸಲಾಯಿತು.

ಕೋಲೇ ಬೇಡವೆಂದವರೂ ಜಪಾನಿನವರೇ. 2010ರ ಮೇ 21ರಂದು ಹಾರಿದ ಇಕಾರೋಸ್ ಬಾಹ್ಯಾಕಾಶದಲ್ಲಿ ಹಾಯಿ ಬಲದಿಂದ ಪಯಣಿಸಿದ ಮೊದಲ ನೌಕೆ. 14 ಮೀಟರ್ ಚೌಕದ ಅದರ ಹಾಯಿಯ ನಾಲ್ಕು ಮೂಲೆಗೆ ಅರ್ಧರ್ಧ ಕಿಲೋಗ್ರಾಂ ತೂಕದ ಭಾರ ಕಟ್ಟಿ, ನೌಕೆಯನ್ನೇ ಗಿರಗಿರನೆ ತಿರುಗಿಸಿದರು. ತೆನೆಗಟ್ಟಿದ ಜೋಳದ ಹೊಲದಲ್ಲಿ ಅಟ್ಟಣಿಗೆ ಏರಿ ಹಕ್ಕಿ ಕಾಯುವವನ ಕವಣೆ ಇದು. ಕಲ್ಲು ಇರುವವರೆಗೆ, ತಿರುಗುವವರೆಗೆ, ಹಗ್ಗ ಸೆಟೆದು ನಿಂತಿರುತ್ತದೆ. ಒಳಗೆ ಕೋಲು ಇಟ್ಟಂತೆ. ಆ ವರ್ಷ ಡಿಸೆಂಬರಿನಲ್ಲಿ ಇಕಾರೋಸ್ ಶುಕ್ರಗ್ರಹದ ಪಕ್ಕದಿಂದ ಹಾದುಹೋಯಿತು. ಈ ಕ್ರಮದ ಅನನುಕೂಲವೆಂದರೆ ತಿರುಗುವ ಹಾಯಿಯನ್ನು ಬೇಕಾದ ಕಡೆಗೆ ಹೊರಳಿಸುವುದು ಕಷ್ಟ. ಕವಣೆ ಬೀಸುತ್ತ ಪಕ್ಕಕ್ಕೆ ಬಾಗಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲವನ್ನೂ ನೆಲದ ಮೇಲೆ ಪರೀಕ್ಷಿಸುವುದು ಇನ್ನೊಂದು ತೊಡಕು. ಇಲ್ಲಿ ಭಾರವಿದೆ, ಗಾಳಿಯಿದೆ. ಬಾಹ್ಯಾಕಾಶಕ್ಕೆಂದು ಮಾಡಿದ ಕೋಲು ಇಲ್ಲಿ ತನ್ನ ತೂಕಕ್ಕೇ ಜೋಲುತ್ತದೆ. ಅದನ್ನು ಮೇಜಿನ ಮೇಲೆ ಜಾರಿಸಿಯೋ ಮೇಲಿನಿಂದ ದಾರ ಕಟ್ಟಿಯೋ ನೋಡಬೇಕು. ಹಾಗೆ ನೋಡಿದ್ದು ಅಲ್ಲಿ ನಡೆಯುತ್ತದೆಂಬ ಖಾತರಿಯಿಲ್ಲ. ನಾಸಾದ ನ್ಯಾನೋಸೈಲ್-ಡಿ2 ಎಂಬ 10 ಚದರ ಮೀಟರಿನ ಹಾಯಿ 2010ರ ಡಿಸೆಂಬರಿನಲ್ಲಿ ತಾಯಿ ಉಪಗ್ರಹದಿಂದ ಹೊರಬೀಳಬೇಕಾಗಿತ್ತು, ಬೀಳಲಿಲ್ಲ. ಕೈಬಿಟ್ಟ ಮೇಲೆ 2011ರ ಜನವರಿ 17ರಂದು ತಾನಾಗಿ ಹೊರಬಂತು. ಮೂರು ದಿನದ ನಂತರ ಹಾಯಿ ಬಿಚ್ಚಿತು. ಅದು ಏಕೆ ಹಟ ಹಿಡಿಯಿತು, ಏಕೆ ಬಿಟ್ಟಿತು ಎಂದು ನೋಡಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ನಮ್ಮಲ್ಲಿ ನೋಡಿ ಹೇಳುವವರು ಇದ್ದಾರೆ, ಕೇಳುವವರು ಕಡಿಮೆ. ವಸ್ತು ಸಂಗ್ರಹಾಲಯವೊಂದರಲ್ಲಿ ಕುರಿಗಾರರ ಗುಡಾರವನ್ನು ಪೂರ್ಣ ಬಿಚ್ಚಿ, ಮೂಲೆಗಳಿಗೆ ಮೊಳೆ ಹೊಡೆದು ನಿಲ್ಲಿಸಿದ್ದನ್ನು ಕಂಡಿದ್ದೇನೆ. ಫಲಕದಲ್ಲಿ ಉದ್ದ, ಅಗಲ, ಉಣ್ಣೆಯ ಬಗೆ ಎಲ್ಲವೂ ಇದ್ದವು. ಮಡಚಿದರೆ ಎಷ್ಟಾಗುತ್ತದೆ, ಎಷ್ಟು ಮಡಿಕೆ, ಯಾವ ಬದಿ ಒಳಗೆ, ಎಷ್ಟು ಜನ, ಎಷ್ಟು ಹೊತ್ತು ಎಂಬ ವಿವರ ಇರಲಿಲ್ಲ. ಬಿದಿರ ಕೆಲಸಕ್ಕೆ ಪ್ಲಾಸ್ಟಿಕ್ ಬಂತು, ಕಂಬಳಿ ಗುಡಾರದ ಜಾಗಕ್ಕೆ ತಾಡಪತ್ರಿ ಬಂತು. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಎಪ್ಪತ್ತು ದಾಟಿದ್ದಾರೆ. ಹಾಡು ಕೆಲವೊಮ್ಮೆ ಮೊಮ್ಮಕ್ಕಳ ಬಾಯಲ್ಲಿ ಉಳಿಯುತ್ತದೆ. ಮಡಿಕೆ ಕಂಬಳಿ ಇಲ್ಲದೆ ಉಳಿಯುವುದಿಲ್ಲ.

ಸವದತ್ತಿಯ ಆ ತಾಯಿಯನ್ನು ಕೊನೆಗೆ ನಾನು ಮಡಚಿ ತೋರಿಸಲು ಕೇಳಿಕೊಂಡೆ. ಅವರಲ್ಲಿ ಈಗ ಹಳೆಯ ಗುಡಾರವಿಲ್ಲ. ಹೊದೆಯುವ ಕಂಬಳಿಯೊಂದನ್ನು ಹಾಸಿದರು. ನಾನು ವಹಿ ತೆರೆದು ಕುಳಿತೆ. ಅವರು ಎರಡು ಮೂಲೆ ಹಿಡಿದು ತುಸು ಹೊತ್ತು ಸುಮ್ಮನೆ ನಿಂತರು. ಬಳಿಕ “ಹಗ್ಗ ಎಲ್ಲೈತ್ರಿ? ಹಗ್ಗ ಇಲ್ಲದ ಹೆಂಗ ಮಡಚಲಿ?” ಎಂದು ಕೇಳಿದರು. ಹಗ್ಗ ತರಲು ಮೊಮ್ಮಗನನ್ನು ಕಳಿಸಿದೆವು. ಹಗ್ಗ ಬಂದ ಮೇಲೆ ಅದನ್ನು ಮೊದಲು ನೆಲದ ಮೇಲೆ ಅಡ್ಡಡ್ಡಲಾಗಿ ಎರಡು ಸಾಲು ಹಾಸಿ, ಅದರ ಮೇಲೆ ಕಂಬಳಿಯನ್ನು ಇಟ್ಟು, ಮಡಚತೊಡಗಿದರು.